ಸವದತ್ತಿ ಶಾಖೆಯ ಗುರುವಾರಗಳು

“ಮಾಸ್ತರ, ನಿಮಗ ಲೆಕ್ಕಾ ಮಾಡಾಕ ಕರದಿಲ್ಲ. ಅಚ್ಚುಕಟ್ಟ ಮಾಡಿ ಪ್ರಿಂಟ್ ತಗದ ಕೊಡಾಕ ಕರದೇವಿ. ತಿಳೀತ?”

ಪತ್ತಿನ ಸಹಕಾರಿ ಸಂಘದ ಕಾರ್ಯದರ್ಶಿಗಳು ನನ್ನೊಡನೆ ಆಡಿದ ಮೊದಲ ಮಾತು ಇದು. ಬರ್ರಿ ಇಲ್ಲ, ಕುಂದ್ರಿ ಇಲ್ಲ, ಚಹಾ ಅಂತೂ ದೂರ ಉಳಿಯಿತು. ನಮ್ಮ ಕಡೆ ವೈರಿ ಮನೆಗೆ ಬಂದರೂ ಮೊದಲು ಒಂದು ತಂಬಿಗೆ ನೀರು ಕೊಟ್ಟು ಆಮೇಲೆ ಜಗಳ ತೆಗೆಯುತ್ತಾರೆ. ಇವರು ನೀರನ್ನೂ ಉಳಿಸಿದರು. ನೇಸರಗಿಯ ನಮ್ಮ ಅಜ್ಜಿ ಇಂಥವರನ್ನು ಕಂಡರೆ “ಉಪ್ಪ ಹಾಕೂದ ಮರತ ಮಾಡ್ಯಾನ ದೇವರು” ಎನ್ನುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬೈಲಹೊಂಗಲದ ಪೇಟೆಯಲ್ಲಿ ನಾನೊಂದು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಸಂಘದ ಮುಖ್ಯ ಕಚೇರಿ ಅದೇ ಊರಲ್ಲಿ, ಶಾಖೆಗಳು ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿ. ಅವರು ಹೊಸ ಸಾಫ್ಟ್‌ವೇರ್ ಕೊಳ್ಳುವವರಿದ್ದರು. ಅದಕ್ಕಾಗಿ ಹಳೆಯ ಪಿಗ್ಮಿ ವ್ಯವಹಾರವನ್ನೆಲ್ಲ ಸ್ಪ್ರೆಡ್‌ಶೀಟಿಗೆ ಇಳಿಸಿ ಕೊಡಬೇಕಿತ್ತು.

ಪಿಗ್ಮಿಯ ರೀತಿ ಎಲ್ಲರಿಗೂ ಗೊತ್ತಿದ್ದದ್ದೇ. ಅಂಗಡಿಯವರು ದಿನಕ್ಕೆ ಐದೋ ಹತ್ತೋ ಎತ್ತಿಡುತ್ತಾರೆ, ಸಂಘದ ಕಡೆಯವರು ಅಂಗಡಿಗೇ ಬಂದು ಒಯ್ಯುತ್ತಾರೆ. ಒಯ್ಯುವವರ ಕೊರಳಲ್ಲಿ ಅಂಗೈ ಅಗಲದ ಒಂದು ಯಂತ್ರ. ಖಾತೆ ನಂಬರು ಒತ್ತಿ, ಮೊತ್ತ ಒತ್ತಿದರೆ ಕಿರ್ರೆಂದು ಚೀಟಿ ಹೊರಬರುತ್ತದೆ. ಸಂಜೆ ಶಾಖೆಯ ಕಂಪ್ಯೂಟರಿನ ವೈರನ್ನು ಆ ಯಂತ್ರಕ್ಕೆ ಚುಚ್ಚಿ ದಿನದ ಸಾಲುಗಳನ್ನೆಲ್ಲ ಇಳಿಸಿಕೊಂಡು, ರೊಕ್ಕ ಕಟ್ಟಿಸಿಕೊಳ್ಳುತ್ತಾರೆ.

ತೊಡಕು ಇದ್ದದ್ದು ಶಾಖೆಯ ಪ್ರೋಗ್ರಾಮಿನಲ್ಲಿ. ಅದಕ್ಕೆ ಗೊತ್ತಿದ್ದ ವಿದ್ಯೆ ಒಂದೇ, ಕಾಗದದ ಮೇಲೆ ಅಚ್ಚು ಹಾಕುವುದು. ಹಾಗಾಗಿ ಕಾಗದಕ್ಕೆ ಹೋಗುವ ಅಚ್ಚನ್ನೇ ಒಂದು ಫೈಲಿಗೆ ತಿರುಗಿಸಿ, ಆ ಫೈಲನ್ನು ಕಂಬ ಕಂಬವಾಗಿ, ಅಂದರೆ ಕಾಲಂ ಕಾಲಂ ಆಗಿ, ಸೀಳಬೇಕಿತ್ತು. ಪುಟ ಪುಟಕ್ಕೂ ಸಂಘದ ಹೆಸರು, ಗೆರೆ, ಪುಟದ ಮೊತ್ತ, ಮತ್ತೆ ಗೆರೆ. ಸಾಲದ್ದಕ್ಕೆ, ಹಿಂದಿನ ಪುಟದ ಕೊನೆಯ ಸಾಲನ್ನು ಮುಂದಿನ ಪುಟದ ತಲೆಗೆ ಇನ್ನೊಮ್ಮೆ ಬರೆಯುವ ಚಟ ಆ ಪ್ರೋಗ್ರಾಮಿಗಿತ್ತು. ಕಾಗದದಲ್ಲಿ ಓದುವವರಿಗೆ ಅದರಿಂದ ಕೊಂಡಿ ಸಿಗುತ್ತಿತ್ತು. ಸ್ಪ್ರೆಡ್‌ಶೀಟಿಗೆ ಬಂದರೆ ಕಟ್ಟದ ರೊಕ್ಕ ಕಟ್ಟಿದಂತಾಗುತ್ತಿತ್ತು.

ಕಿತ್ತೂರಿನ ಫ್ಲಾಪಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬಂತು. ಪುಣ್ಯಾತ್ಮ ಅದನ್ನು ಇಂಜಿನ್ನಿನ ಬಾನೆಟ್ ಮೇಲೆ ಇಟ್ಟುಕೊಂಡು ಬಂದಿದ್ದ. ನನ್ನ ಕೈಗೆ ಸಿಕ್ಕಾಗ ಹಪ್ಪಳದಂತೆ ಸೊಟ್ಟಗಾಗಿತ್ತು. ಇನ್ನೊಂದು ತರಿಸಿದೆ. ರಾಮದುರ್ಗದ್ದರಲ್ಲಿ ಖಾತೆ ನಂಬರಿನ ಮುಂದಿನ ಸೊನ್ನೆಗಳೆಲ್ಲ ಉದುರಿ, ಒಬ್ಬರ ಖಾತೆ ಇನ್ನೊಬ್ಬರ ತಲೆಗೆ ಬಂತು. ಆ ಕಂಬವನ್ನು ಅಂಕಿಯೆಂದು ತಿಳಿಯಬೇಡ, ಅಕ್ಷರವೆಂದು ತಿಳಿ ಎಂದು ಸ್ಪ್ರೆಡ್‌ಶೀಟಿಗೆ ಹೇಳಿ ಮತ್ತೆ ಮೊದಲಿಂದ ಇಳಿಸಿದೆ. ಪುಟದ ತಲೆಯ ಮರುಸಾಲುಗಳನ್ನು ಪುಟ ಪುಟ ನೋಡಿ ನಾನೇ ಅಳಿಸಿದೆ. ಬೇಸರದ ಕೆಲಸ, ಆದರೂ ಕೊನೆಗೆ ಪುಟದ ಮೊತ್ತಕ್ಕೆ ನನ್ನ ಮೊತ್ತ ಕೂಡಿ ಬಂದಾಗ ಊಟ ರುಚಿಸುತ್ತಿತ್ತು.

ಸವದತ್ತಿಯ ಸರದಿ ಬಂದಾಗ ಮೂಲ ಫೈಲು ಕೊಡಲಿಲ್ಲ. ಆಡಿಟರ ಸಹಾಯಕ ಆಗಲೇ “ಸ್ವಚ್ಛ ಮಾಡಿದ” ಹಾಳೆಯೊಂದನ್ನು ಕಾರ್ಯದರ್ಶಿಗಳು ನನ್ನ ಮುಂದಿಟ್ಟರು.

“ಸವದತ್ತಿ ಪಿಗ್ಮಿ ಎತ್ತೂ ಬಾಯಿ ರೊಕ್ಕ ತಿಂದಾಳ,” ಎಂದರು. “ಅಂಗಡ್ಯಾವ್ರ ಚೀಟಿಯೊಳಗ ಇದ್ದದ್ದು ಹಾಳ್ಯಾಗ ಇಲ್ಲ. ಪೊಲೀಸ್ ಠಾಣೆಗೆ ಕೊಡಾಕ ಚಂದಂಗ ಪ್ರಿಂಟ್ ಬೇಕು. ಗೆರಿ ಗಿರಿ ಹಾಕಿ, ಕಮ್ಮಿ ಬಿದ್ದದ್ದಕ್ಕ ಕೆಂಪ ಬಣ್ಣ ಹಚ್ಚಿ ಕೊಡ್ರಿ.”

ನಾನು ಹಾಳೆ ತೆರೆದು ಕುಳಿತಿದ್ದಾಗಲೇ ಆಕೆ ಒಳಗೆ ಬಂದದ್ದು. ನಲವತ್ತರ ಆಸುಪಾಸಿನ ಹೆಣ್ಣುಮಗಳು, ಹೆಗಲಿಗೆ ಬಟ್ಟೆಯ ಚೀಲ, ಕೊರಳಲ್ಲಿ ಯಂತ್ರವಿಲ್ಲ. ಅದನ್ನು ಹಿಂದಿನ ವಾರವೇ ಕಸಿದುಕೊಂಡಿದ್ದರು. ಸವದತ್ತಿಯಿಂದ ಬಸ್ಸು ಹಿಡಿದು ಬಂದವಳು ನೇರ ನನ್ನ ಮೇಜಿಗೇ ಬಂದಳು.

“ಇಂವೇನ ಆ ಕಂಪ್ಯೂಟರ್ ಮಾಸ್ತರ? ನನ್ನ ಕೈಗೆ ಬೇಡಿ ತೊಡಸಾಂವ?”

“ಅಕ್ಕಾರ, ನಾ ಬರೇ ಪ್ರಿಂಟ್…”

“ಅಕ್ಕಾ ಅನಬ್ಯಾಡ. ನನಗ ತಮ್ಮ ಅದಾನ. ಎಮ್ಮಿ ಕಾಯತಾನ, ಖರೆ ನಿನಕಿಂತ ಛಲೋ ಕೆಲಸಾ ಮಾಡತಾನ.”

ಕಾರ್ಯದರ್ಶಿಗಳು ತಮ್ಮ ಕೋಣೆಯಿಂದಲೇ ಕೂಗಿದರು. “ಏ ಬಾಯಿ, ಇದು ಕಚೇರಿ ಐತಿ, ನಿಮ್ಮ ಓಣಿ ಅಲ್ಲ!”

“ಓಣ್ಯಾಗ ನಿಲ್ಲಾಕ ಜಾಗಾ ಎಲ್ಲಿ ಉಳಿಸೀರಿ ನೀವು? ಅಂಗಡಿ ಅಂಗಡಿಗೆ ಹೋಗಿ, ‘ಆಕಿ ಕಳ್ಳಿ ಅದಾಳ, ಆಕಿ ಕೈಯಾಗ ರೊಕ್ಕಾ ಕೊಡಬ್ಯಾಡ್ರಿ’ ಅಂತ ಸಾರಿ ಬಂದೀರಿ. ಈಗ ಚಹಾದಂಗಡ್ಯಾಂವ ನಾ ಎದ್ದ ಹೋದ ಮ್ಯಾಲ ಕಪ್ಪು ಎಣಸತಾನ. ಯಾವ ದಿನದ್ದು ಕಮ್ಮಿ ಬಂದೈತಿ, ಯಾರದು ಕಮ್ಮಿ ಬಂದೈತಿ, ತೋರಸ್ರಿ ನನಗ!”

“ಅದನ್ನ ಪೊಲೀಸರು ತೋರಸ್ತಾರ.”

ಆಕೆ ನನ್ನ ಕಡೆ ತಿರುಗಿದಳು. “ಬರಿ ಮಾಸ್ತರ, ಬರಿ. ಚಂದಂಗ ಬರಿ. ನನ್ನ ಹೆಸರು ದಪ್ಪ ಅಕ್ಷರದಾಗ ಇರಲಿ.” ಹಾಗೆಂದು ಹೊರಟುಹೋದಳು. ಕಚೇರಿಯಲ್ಲಿದ್ದ ಯಾರೂ ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮನಸ್ಸು ಕೆಟ್ಟಿತ್ತು. ಕೆಂಪು ಬಣ್ಣ ಹಚ್ಚುವ ಬದಲು ಆ ಹಾಳೆಯನ್ನೇ ಮೇಲಿಂದ ಕೆಳಗೆ ಓದತೊಡಗಿದೆ. ಮೊದಲು ಕಣ್ಣಿಗೆ ಬಿದ್ದದ್ದು ತಾರೀಖು. ಹನ್ನೆರಡನೆಯ ದಿನದವರೆಗಿನ ತಾರೀಖುಗಳಲ್ಲೆಲ್ಲ ದಿನ ತಿಂಗಳಾಗಿತ್ತು, ತಿಂಗಳು ದಿನವಾಗಿತ್ತು. ನಾವು ದಿನ ಮೊದಲು ಬರೆಯುತ್ತೇವೆ, ಸ್ಪ್ರೆಡ್‌ಶೀಟು ತಿಂಗಳು ಮೊದಲೆಂದು ತಿಳಿದಿತ್ತು. ಹದಿಮೂರರಿಂದ ಮುಂದೆ ಅಂಥ ತಿಂಗಳೇ ಇಲ್ಲವಾದ್ದರಿಂದ ಸುಮ್ಮನೆ ಬಿಟ್ಟಿತ್ತು. ಶ್ರಾವಣದ ವ್ಯವಹಾರ ಸಂಕ್ರಾಂತಿಗೆ ಹೋಗಿ ಕೂತಿತ್ತು. ಇಷ್ಟು ದೊಡ್ಡ ಅವಾಂತರವನ್ನೇ ನೋಡದವನು ಇನ್ನೇನು ನೋಡಿದ್ದಾನು?

ಆಡಿಟರ ಸಹಾಯಕನಿಗೆ ಫೋನ್ ಮಾಡಿದೆ. ಪುಟದ ತಲೆಯ ಮರುಸಾಲುಗಳನ್ನು ಹೇಗೆ ತೆಗೆದಿರಿ ಎಂದು ಕೇಳಿದೆ.

“ಬಹಳ ಸುಲಭ ಅಲ್ವಾ ಸಾರ್? ಒಂದೇ ಥರದ ಸಾಲು ಎಷ್ಟಿದ್ದರೂ ಒಂದೇ ಒಂದು ಇಟ್ಟುಕೋ ಅಂತ ಫಿಲ್ಟರ್ ಹಾಕಿದೆ. ಎಲ್ಲ ಒಂದೇ ಏಟಿಗೆ ಹೋಯ್ತು.”

“ನಿಜವಾಗಿಯೂ ಎರಡು ಸಲ ಕಟ್ಟಿದವರಿದ್ದರೆ?”

ಆತ ನಕ್ಕ. “ಒಂದೇ ದಿನ ಎರಡು ಸಲ ಪಿಗ್ಮಿ ಯಾರು ಸಾರ್ ಕಟ್ತಾರೆ? ನಿಮ್ಮೂರಲ್ಲಿ ಕಟ್ತಾರಾ?”

ನಾನು ಫೋನ್ ಇಟ್ಟೆ. ಸಂಜೆ ಕಾರ್ಯದರ್ಶಿಗಳ ಮುಂದೆ ನಿಂತು, ಸವದತ್ತಿಯ ಮೂಲ ಫೈಲು ನೋಡದೆ ಪ್ರಿಂಟ್ ತೆಗೆಯುವುದಿಲ್ಲ ಎಂದೆ.

“ಮಾಸ್ತರ, ಆಡಿಟರಕಿಂತ ನೀವ ಶ್ಯಾಣ್ಯಾ ಅದೀರೇನು?”

“ಹಂಗಲ್ರಿ ಸಾಹೇಬ್ರ. ತಾರೀಖ ಸುದ್ದಾ ಉಲ್ಟಾ ಆಗ್ಯಾವು. ಠಾಣ್ಯಾಗ ಯಾರರ ಕೇಳಿದ್ರ ನಿಮಗ ಮುಜುಗರ.”

“ನನ್ನ ಮುಜುಗರ ನಾ ನೋಡ್ಕೋತೇನಿ. ಈ ವಾರದಾಗ ಪ್ರಿಂಟ್ ಬರಲಿಲ್ಲಂದ್ರ, ಈ ಊರಾಗ ನಿಮ್ಮ ಕ್ಲಾಸಿಗೆ ಒಂದ ನರಪಿಳ್ಳಿ ಬರಬಾರದು, ಹಂಗ ಮಾಡತೇನಿ. ಸಂಘದ ಮಂದಿ ಮಕ್ಕಳ ನಿಮ್ಮಲ್ಲಿ ಕಲ್ಯಾಕ ಬರೂದು, ನೆನಪಿರಲಿ.”

ಅದು ಬರೀ ಬೆದರಿಕೆಯಾಗಿರಲಿಲ್ಲ. ಕ್ಲಾಸಿಗೆ ಬರುತ್ತಿದ್ದ ಅರ್ಧದಷ್ಟು ಹುಡುಗರು ಸಂಘದ ಸದಸ್ಯರ ಮಕ್ಕಳೇ. ಮನೆಗೆ ಬಂದು ಊಟ ಮಾಡಿದೆ, ಹೆಂಡತಿಗೆ ಹೇಳಿದೆ. “ಹೆಂಗೂ ಬೈಸಿಕೊಂಡಿ, ಖಾತ್ರಿ ಮಾಡಿಕೊಂಡರ ಬಾ,” ಎಂದಳು. ಮುಂಜಾನೆ ಎದ್ದು ಫ್ಲಾಪಿಗಳ ಡಬ್ಬಿ ಹಿಡಿದು ಸವದತ್ತಿಯ ಬಸ್ಸು ಹತ್ತಿದೆ.

ಸವದತ್ತಿ ಶಾಖೆಯ ಗುಮಾಸ್ತನಿಗೆ ಆಗಲೇ ಫೋನ್ ಬಂದಿತ್ತು. ನನ್ನ ಮುಖ ನೋಡದೆಯೇ, “ಮುಖ್ಯ ಕಚೇರಿ ಚೀಟಿ ಐತೇನ್ರಿ?” ಎಂದ.

“ಇಲ್ಲ.”

“ಹಂಗಾರ ಫೈಲ್ ಕೊಡಾಕ ಬರೂದಿಲ್ಲ.” ರಬ್ಬರ್ ಶಿಕ್ಕೆ ಒತ್ತುತ್ತ ಒತ್ತುತ್ತ ಮುಂದುವರಿಸಿದ. “ಊಟಕ್ಕ ಮನಿಗೆ ಹೋಗತೇನಿ. ಕಂಪ್ಯೂಟರ್ ಬಂದ್ ಮಾಡಿದ್ರ ಮತ್ತ ಚಾಲೂ ಆಗೂದು ತ್ರಾಸು, ಹಂಗ ಬಿಟ್ಟ ಹೋಗತೇನಿ. ನೀವೇನ ಕುಂದ್ರತೀರೋ, ಹೋಗತೀರೋ, ನಿಮಗ ಬಿಟ್ಟದ್ದು.”

ಆತ ಚಪ್ಪಲಿ ಮೆಟ್ಟಿ ಹೊರಟ. ನಾನು ಕುಳಿತೆ. ಪಿಗ್ಮಿ ವರದಿಯ ಪರದೆಯಲ್ಲಿ ಕೊನೆಗೊಂದು ಪ್ರಶ್ನೆ ಕೇಳುತ್ತಿತ್ತು: ಸಣ್ಣ ಪ್ರಿಂಟರೋ, ಅಗಲ ಪ್ರಿಂಟರೋ? ಎಲ್ಲ ಶಾಖೆಗಳಲ್ಲೂ ಇದ್ದದ್ದು ಸಣ್ಣ ಪ್ರಿಂಟರ್, ಹಾಗಾಗಿ ಯಾವತ್ತೂ ಸಣ್ಣದ್ದನ್ನೇ ಒತ್ತುತ್ತಿದ್ದರು. ಅಲ್ಲಿ ಎಂಬತ್ತು ಅಕ್ಷರಕ್ಕೆ ಸಾಲು ಮುಗಿಯುತ್ತದೆ, ಆಚೆಗೆ ಏನಿದ್ದರೂ ಕತ್ತರಿಸಿಹೋಗುತ್ತದೆ. ಫೈಲಿಗೆ ಪ್ರಿಂಟರಿನ ಹಂಗೇನು? ಅಗಲದ್ದನ್ನು ಒತ್ತಿದೆ. ತಾರೀಖು, ಖಾತೆ ನಂಬರು, ಹೆಸರು, ಮೊತ್ತ ಆದಮೇಲೆ, ಅಲ್ಲಿಯವರೆಗೆ ಯಾರೂ ನೋಡದ ಕೊನೆಯ ಕಂಬ ಕಾಣಿಸಿಕೊಂಡಿತು. ಅದು ಚೀಟಿ ನಂಬರು. ಯಂತ್ರ ಹರಿದುಕೊಟ್ಟ ಪ್ರತಿ ಚೀಟಿಗೂ ಬೇರೆ ಬೇರೆ.

ಫೈಲು ಒಂದು ಫ್ಲಾಪಿಗೆ ಹಿಡಿಯಲಿಲ್ಲ. ಅದುಮಿ, ತುಂಡು ಮಾಡಿ, ಹಲವು ಫ್ಲಾಪಿಗಳಿಗೆ ಹಂಚಿದೆ. ಬಾನೆಟ್ ನೆನಪಾಗಿ ಡಬ್ಬಿಯನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ಬೈಲಹೊಂಗಲಕ್ಕೆ ಬಂದೆ.

ಮರುದಿನ ಕ್ಲಾಸಿಗೆ ರಜೆ ಕೊಟ್ಟು ಕುಳಿತೆ. ಕಂಬಗಳನ್ನು ಸೀಳುವಾಗ ತಾರೀಖಿನ ಕಂಬಕ್ಕೆ ದಿನ ಮೊದಲು ಎಂದು ಹೇಳಿದೆ. ಸಂಘದ ಹೆಸರಿನ ಸಾಲು, ಗೆರೆ, ಪುಟದ ಮೊತ್ತ ತೆಗೆದೆ. ಮರುಸಾಲು ಗುರುತಿಸುವುದು ಈಗ ಮಕ್ಕಳಾಟ. ಎರಡು ಸಾಲಿಗೆ ಚೀಟಿ ನಂಬರು ಒಂದೇ ಇದ್ದರೆ ಒಂದು ಸುಳ್ಳು, ಅಳಿಸು. ನಂಬರು ಬೇರೆಯಿದ್ದರೆ ಎರಡೂ ಖರೆ, ಇರಲಿ. ಆಮೇಲೆ ಆಡಿಟರ ಸಹಾಯಕನ ಹಾಳೆಯನ್ನು ಪಕ್ಕಕ್ಕಿಟ್ಟು ನೋಡಿದೆ. ಅವನ ಫಿಲ್ಟರು ಖರೆ ಸಾಲುಗಳನ್ನು ಸಾರಾಸಗಟು ನುಂಗಿತ್ತು. ಸಂಘ ತರಿಸಿಕೊಂಡಿದ್ದ ಅಂಗಡಿಯವರ ಚೀಟಿಗಳ ಮೊತ್ತಕ್ಕೂ ನನ್ನ ಹಾಳೆಗೂ ಈಗ ಅಂತರವೇ ಇಲ್ಲ.

ಖುಷಿಯಿಂದ ಓಡಬೇಕಿತ್ತು. ಓಡಲಿಲ್ಲ. ಕಾರ್ಯದರ್ಶಿಗಳು ಏನೆನ್ನುತ್ತಾರೆಂದು ಮೊದಲೇ ಕೇಳಿಸುತ್ತಿತ್ತು: ಒಂದೇ ದಿನ ಒಬ್ಬನಿಗೆ ಎರಡು ಚೀಟಿ ಯಾಕೆ ಹರಿದಳು, ಅದರಲ್ಲೇ ಆಟ ಇದೆ. ಪ್ರತಿ ತಾರೀಖಿನ ಪಕ್ಕ ಯಾವ ವಾರ ಎಂದು ತೋರಿಸುವ ಸೂತ್ರ ಹಾಕಿದೆ. ಜೋಡಿ ಸಾಲುಗಳೆಲ್ಲ ಒಂದೇ ವಾರಕ್ಕೆ ಬಂದು ನಿಂತವು. ಗುರುವಾರ, ಗುರುವಾರ, ಗುರುವಾರ. ಶುಕ್ರವಾರಕ್ಕೆ ಪೇಟೆಯ ಅಂಗಡಿಗಳ ಸಾಲು ಒಂದೂ ಇರಲಿಲ್ಲ. ತಾರೀಖು ತಿರುವುಮುರುವಾಗಿದ್ದ ಆ ಹಳೆಯ ಹಾಳೆಯಲ್ಲಿ ಇದನ್ನು ಬ್ರಹ್ಮನೂ ಕಾಣುತ್ತಿರಲಿಲ್ಲ.

ಮತ್ತೆ ಸವದತ್ತಿ. ಈ ಸಲ ಶಾಖೆಗೆ ಹೋಗದೆ ಪೇಟೆಗೆ ಹೋದೆ. ಜೋಡಿ ಸಾಲಿದ್ದ ಖಾತೆಗಳಲ್ಲಿ ಒಂದು ಬಳೆ ಅಂಗಡಿಯದು. ಅಂಗಡಿಯ ಚಾಚಾ ಗಾಜಿನ ಬಳೆಗಳನ್ನು ದಾರಕ್ಕೆ ಪೋಣಿಸುತ್ತಿದ್ದರು. ಪಿಗ್ಮಿ ಎಂದ ಕೂಡಲೇ ಮುಖ ಬಿಗಿಯಿತು.

“ಆಕಿ ಸುದ್ದಿ ತಗೀಬ್ಯಾಡ್ರಿ ನನ್ನ ಮುಂದ. ನಿಮ್ಮ ಸಾಹೇಬ್ರ ಬಂದು ಸಾರಿ ಹೋಗ್ಯಾರ. ಇನ್ನ ಪಿಗ್ಮಿನೂ ಬ್ಯಾಡ, ನಿಮ್ಮ ಸಂಘಾನೂ ಬ್ಯಾಡ.”

“ಚಾಚಾ, ಒಂದ ಮಾತು. ಗುರುವಾರ ನೀವು ಎರಡ ಚೀಟಿ ಯಾಕ ತಗೋತಿದ್ರಿ?”

“ಶುಕ್ರವಾರದ್ದೂ ಕೊಡತಿದ್ವಿ, ಅದಕ್ಕ.”

“ಶುಕ್ರವಾರದ್ದು ಶುಕ್ರವಾರ ಯಾಕ ಕೊಡೂದಿಲ್ಲ?”

ಚಾಚಾ ನನ್ನನ್ನು ಹೊಸದಾಗಿ ಕಂಡವರಂತೆ ನೋಡಿದರು. “ನೀವು ಎಲ್ಲಿಯವ್ರು? ಬೈಲಹೊಂಗಲದಾಗ ಲಕ್ಷ್ಮೀ ಇಲ್ಲೇನು? ಶುಕ್ರವಾರ ಲಕ್ಷ್ಮೀ ದಿನ, ಗಲ್ಲಾದಾಗಿನ ರೊಕ್ಕ ಸುಮ್ಮನ ಹೊರಗ ಹೋಗೂಹಂಗಿಲ್ಲ. ಗಿರಾಕಿಗೆ ಚಿಲ್ರಿ ಕೊಡತಾರ, ಪಿಗ್ಮಿ ಕೊಡೂದಿಲ್ಲ. ಬಾಜೂ ಸೀರಿ ಅಂಗಡಿ, ಕಿರಾಣಿ, ಭಾಂಡೆ ಅಂಗಡಿ, ಎಲ್ಲಾರದೂ ಇದ ಪದ್ಧತಿ. ಖರೆ ಒಂದ ದಿನ ಖಾಡಾ ಬೀಳಬಾರದು, ದಿನಕ್ಕ ಒಂದ ಚೀಟಿ ಲೆಕ್ಕಾ ಇರಬೇಕು. ಅದಕ್ಕ ಆಕಿ ಗುರುವಾರನ ಎರಡ ಹರದ ಕೊಡತಿದ್ಲು.”

“ನಿಮಗೂ ಲಕ್ಷ್ಮೀ ಏನ್ರಿ ಚಾಚಾ?”

“ನನಗ ನಮಾಜು. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರತೇನಿ, ಆಕಿ ಬರೂದು ಅದ ಹೊತ್ತಿಗೆ. ಅವರ ಲಕ್ಷ್ಮೀ, ನಮ್ಮ ನಮಾಜು, ಇಬ್ಬರಿಗೂ ಗುರುವಾರ ಅನುಕೂಲ ಬೀಳತಿತ್ತು.” ಪೋಣಿಸುವುದನ್ನು ನಿಲ್ಲಿಸಿದರು. “ಯಾಕ? ಅದರಾಗೇನ ತಪ್ಪೈತಿ?”

ಕಿತ್ತೂರಿನಲ್ಲಿ, ರಾಮದುರ್ಗದಲ್ಲಿ ಕೂಡ ಅದೇ ಲಕ್ಷ್ಮೀ ಇದ್ದಳು. ಅಲ್ಲಿ ಪಿಗ್ಮಿ ಎತ್ತುವವರು ಶನಿವಾರ ಬಂದು ಎರಡು ದಿನದ್ದನ್ನು ಕೂಡಿಸಿ ಒಂದೇ ಚೀಟಿ ಹರಿಯುತ್ತಿದ್ದರು. ಈಕೆ ಗಿರಾಕಿಯ ಮನಸ್ಸಿಗೆ ಸಮಾಧಾನವಾಗಲೆಂದು ಎರಡು ಹರಿದಳು. ಆ ಹೆಚ್ಚಿನ ಒಂದು ಚೀಟಿಯೇ ಆಕೆಯನ್ನು ಕಳ್ಳಿ ಮಾಡಿತ್ತು.

ನಾನು ನಡೆದದ್ದನ್ನು ಹೇಳಿದೆ. ಚಾಚಾ ಬಳೆಯ ದಾರವನ್ನು ಕೆಳಗಿಟ್ಟರು. “ಇಷ್ಟದಿನಾ ಯಾಕ ಹೇಳಲಿಲ್ಲ ಅಂತ ನಮಗ ಕೇಳಬ್ಯಾಡ್ರಿ,” ಎಂದರು, ನಾನು ಕೇಳುವ ಮೊದಲೇ. “ಕಳ್ಳಿ ಅಂತ ಹೇಳಾಕ ಬಂದಿದ್ರು. ಕೇಳಾಕ ಯಾರ ಬಂದಿದ್ರು?”

ಕಾರ್ಯದರ್ಶಿಗಳನ್ನು ಸವದತ್ತಿ ಶಾಖೆಗೆ ಕರೆಸಲು ನಾನು ಹೇಳಿದ್ದು ಒಂದೇ ಮಾತು: ಈಗಿನ ಹಾಳೆಯನ್ನು ಪೊಲೀಸರಿಗೆ ಕೊಟ್ಟರೆ ಸಿಕ್ಕಿಬೀಳುವುದು ಸಂಘ. ಮರುದಿನವೇ ಬಂದರು. ಅಗಲ ಸಾಲುಗಳ ಪ್ರಿಂಟನ್ನು ಮುಂದಿಟ್ಟು ಒಂದೊಂದು ಜೋಡಿಗೂ ಬೆರಳಿಟ್ಟು ತೋರಿಸಿದೆ. ಶಾಖೆಯ ಕ್ಯಾಶ್ ಪುಸ್ತಕದ ಗುರುವಾರದ ಜಮಾ ನನ್ನ ಹಾಳೆಗೆ ಸರಿಯಾಗಿ ಕೂಡಿ ಬರುತ್ತಿತ್ತು. ಆಕೆ ಎರಡೂ ಚೀಟಿಯ ರೊಕ್ಕವನ್ನು ಆಯಾ ಸಂಜೆಯೇ ಕಟ್ಟಿದ್ದಳು. ಪುಸ್ತಕ ಅಲ್ಲೇ ಕಪಾಟಿನಲ್ಲಿತ್ತು, ತೆಗೆದು ನೋಡುವ ಮನಸ್ಸು ಯಾರಿಗೂ ಇರಲಿಲ್ಲ, ಅಷ್ಟೇ.

“ಎರಡ ಚೀಟಿ ಹರಿ ಅಂತ ಯಾರ ಹೇಳಿದ್ರು ಈಕಿಗೆ? ನಿಯಮದಾಗ ಐತೇನು?” ಕಾರ್ಯದರ್ಶಿಗಳಿಗೆ ಇನ್ನೂ ಬಿಡಲು ಮನಸ್ಸಿರಲಿಲ್ಲ.

ನನ್ನ ಜೊತೆ ಬಂದಿದ್ದ ಚಾಚಾ ಬಾಗಿಲಲ್ಲೇ ನಿಂತು ಉತ್ತರ ಕೊಟ್ಟರು. “ನಮ್ಮ ಲಕ್ಷ್ಮೀನೂ ನಮಾಜೂ ನಿಮ್ಮ ಆಡಿಟರಗ ಕೇಳಿ ಮಾಡಬೇಕೇನ್ರಿ?”

ಗುಮಾಸ್ತ ಕೆಮ್ಮಿ ನಗು ನುಂಗಿದ. ಕಾರ್ಯದರ್ಶಿಗಳು ಪ್ರಿಂಟನ್ನು ಮಡಚಿ ಕಿಸೆಗೆ ಹಾಕಿಕೊಂಡರು. “ಆತು. ಆಕಿಗೆ ಮಿಷನ್ ಕೊಡ್ರಿ. ನಾಳಿಂದ ಕೆಲಸಕ್ಕ ಬರಲಿ. ಮುಗೀತಲ್ಲ?”

ಆಕೆಯನ್ನು ಕರೆಸಿದರು. ಬಂದಳು, ಕುಂದ್ರಿ ಅಂದರೂ ಕೂರಲಿಲ್ಲ. ಮೇಜಿನ ಮೇಲಿದ್ದ ಯಂತ್ರ ಎತ್ತಿ ಕೊರಳಿಗೆ ಹಾಕಿಕೊಂಡಳು.

“ಏನರ ಕಾಗದಾ ಬೇಕಂದ್ರ ಬರದ ಕೊಡತೇನಿ,” ಎಂದರು ಕಾರ್ಯದರ್ಶಿಗಳು. “ಏನೂ ತಪ್ಪಿಲ್ಲ ಅಂತ.”

“ಕಳ್ಳಿ ಅಂತ ಕಾಗದದಾಗ ಬರದ ಕೊಟ್ಟಿದ್ರೇನ್ರಿ? ಬಾಯಿಲೆ ಅಂದ್ರಿ. ಯಾವ ಯಾವ ಅಂಗಡಿ ಮುಂದ ನಿಂತ ಅಂದ್ರಿ, ಆ ಆ ಅಂಗಡಿ ಮುಂದ ನಿಂತ ಬಾಯಿಲೆ ಹೇಳ್ರಿ. ನಡೀರಿ.”

“ಹುಚ್ಚ ಹಿಡದೈತೇನು? ಮಾಸ್ತರಗ ಕಳಸ್ತೇನಿ, ಅವರ ಹೇಳತಾರ.”

“ಮಾಸ್ತರ ಅಂದಿಲ್ಲ. ನೀವು ಅಂದೀರಿ.”

ಬಾಗಿಲಲ್ಲಿ ಚಾಚಾನ ಹಿಂದೆ ಆಗಲೇ ಸೀರೆ ಅಂಗಡಿಯವರು, ಭಾಂಡೆ ಅಂಗಡಿಯವರು ಬಂದು ನಿಂತಿದ್ದರು. ಅವರೆಲ್ಲ ಠೇವಣಿದಾರರು. ಕಾರ್ಯದರ್ಶಿಗಳು ಅವರನ್ನು ನೋಡಿ ಎದ್ದರು.

ಬಿಸಿಲು ಸುಡುತ್ತಿತ್ತು. ಆಕೆ ಮುಂದೆ, ಹಿಂದೆ ಕಾರ್ಯದರ್ಶಿಗಳು, ಅವರ ಹಿಂದೆ ನಾನು. ಮೊದಲ ಅಂಗಡಿಯ ಮುಂದೆ ಅವರು ಗಂಟಲು ಸರಿ ಮಾಡಿಕೊಂಡು, “ಅದೇನೋ… ಕಂಪ್ಯೂಟರದ್ದು ತಪ್ಪಾಗಿತ್ತು,” ಎಂದರು.

“ಕಂಪ್ಯೂಟರ್ ಬಂದಿತ್ತೇನ್ರಿ ಈ ಅಂಗಡಿಗೆ?” ಆಕೆ ತಿರುಗಿಯೂ ನೋಡಲಿಲ್ಲ. “ಇನ್ನೊಮ್ಮೆ.”

“ಈಕಿ ರೊಕ್ಕ ತಿಂದಿಲ್ಲ. ನಾ ಅಂದದ್ದು ತಪ್ಪಿತ್ತು.”

ಮುಂದಿನ ಅಂಗಡಿ. ಅದರ ಮುಂದಿನದು. ದನಿ ಸಣ್ಣದಾದಾಗೆಲ್ಲ ಆಕೆ “ಕೇಳಸಲಿಲ್ಲ” ಎನ್ನುತ್ತಿದ್ದಳು. ಕಿರಾಣಿ ಅಂಗಡಿಯವರು ತಕ್ಕಡಿ ಹಿಡಿದುಕೊಂಡೇ ಹೊರಗೆ ಬಂದರು. ಯಾರೂ ನಗಲಿಲ್ಲ, ಯಾರೂ ಅವರಿಗೆ ನೆರಳಿಗೆ ಬರ್ರಿ ಅನ್ನಲಿಲ್ಲ. ಚಹಾದಂಗಡಿಯವನು ಮಾತ್ರ ತಲೆ ಎತ್ತದೆ ಒಂದೇ ಕಪ್ಪನ್ನು ತೊಳೆಯುತ್ತಲೇ ನಿಂತಿದ್ದ. ಆಕೆ ಅವನ ಮುಂದೆ ಉಳಿದೆಲ್ಲ ಕಡೆಗಿಂತ ಹೆಚ್ಚು ಹೊತ್ತು ನಿಂತಳು.

ಪೇಟೆಯ ಕೊನೆಯ ಅಂಗಡಿಯೂ ಆಯಿತು. ಕಾರ್ಯದರ್ಶಿಗಳು ಕರವಸ್ತ್ರದಿಂದ ಮುಖ ಒರೆಸಿಕೊಂಡು, “ಆತಲ್ಲಬೇ, ಸಮಾಧಾನ ಆತಲ್ಲ? ಇನ್ನ ನಾಳಿಂದ…” ಎಂದರು.

ಆಕೆ ಕೊರಳಿನ ಯಂತ್ರ ತೆಗೆದಳು. ಪಟ್ಟಿಯನ್ನು ಅಗಲ ಮಾಡಿ ಕಾರ್ಯದರ್ಶಿಗಳ ತಲೆಯ ಮೇಲಿಂದ ಇಳಿಸಿ, ಹಾರ ಹಾಕಿದಂತೆ ಅವರ ಕೊರಳಿಗೆ ಹಾಕಿದಳು.

“ಇನ್ನ ನಿಮ್ಮ ಪಿಗ್ಮಿ ನೀವ ಎತ್ರಿ.”

ಚೀಲವನ್ನು ಹೆಗಲಿಗೇರಿಸಿ, ಬಂದ ದಾರಿಯಲ್ಲೇ, ಪೇಟೆಯ ನಟ್ಟನಡುವೆ ನಡೆದುಹೋದಳು. ಸೀರೆ ಅಂಗಡಿಯವರು ಕೈ ಎತ್ತಿ ನಮಸ್ಕಾರ ಮಾಡಿದರು. ಆಕೆ ತಲೆಯಾಡಿಸಿದಳು, ನಿಲ್ಲಲಿಲ್ಲ.

ಕಾರ್ಯದರ್ಶಿಗಳು ರಸ್ತೆಯಲ್ಲಿ ಹಾಗೇ ನಿಂತಿದ್ದರು. ಬಳೆ ಅಂಗಡಿಯ ಚಾಚಾ ನಿಧಾನಕ್ಕೆ ಬಂದು ಹತ್ತರ ನೋಟೊಂದನ್ನು ಮುಂದೆ ಹಿಡಿದರು.

“ತಗೋರಿ ಸಾಹೇಬ್ರ. ಇವತ್ತಿಂದು ಬರಕೋರಿ. ಚೀಟಿ ಕೊಡ್ರಿ.”

ಅವರು ಯಂತ್ರವನ್ನು ಅತ್ತಿತ್ತ ತಿರುಗಿಸಿದರು. ಒಂದು ಗುಂಡಿ ಒತ್ತಿದರು, ಏನೂ ಆಗಲಿಲ್ಲ. ಇನ್ನೊಂದು ಒತ್ತಿದರು. ಕೊನೆಗೆ ತಲೆ ಎತ್ತಿ ನನ್ನ ಕಡೆ ನೋಡಿದರು.

ಯಾವ ಗುಂಡಿ ಒತ್ತಬೇಕೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ.